ಮುಖಪುಟದ ಬಲಗೈ

ಬೀದರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ನನ್ನ ಜಾತಿಯನ್ನಾಗಲಿ ಅಡುಗೆಯನ್ನಾಗಲಿ ಯಾರೂ ವಿಚಾರಿಸಲಿಲ್ಲ. “ಹಾಡ್ಲಾಕ ಬರ್ತದೇನ್ರಿ?” ಎಂದರು ಮನೆಯೊಡತಿ ಸುಗುಣಮ್ಮ, ನಿವೃತ್ತ ನರ್ಸ್. ಬರುವುದಿಲ್ಲ ಎಂದೆ. “ಇರ್ಲಿ ಬಿಡ್ರಿ, ಕೇಳ್ಲಾಕ ಬರ್ತದಲ್ಲ” ಎಂದು ಕೀಲಿ ಕೈಗಿತ್ತರು.

ಮೈಸೂರಿನಿಂದ ಚಿತ್ರಕಲೆ ಕಲಿಸಲು ಬಂದವಳು ನಾನು. ನಮ್ಮಲ್ಲಿ ಪಕ್ಕದ ಮನೆಯ ಸಂಗೀತ ಕಿಟಕಿ ದಾಟಲು ಸಂಕೋಚಪಡುತ್ತದೆ. ಇಲ್ಲಿ ಬೆಳಗಿನ ರೊಟ್ಟಿ ಬಡಿಯುವ ಸದ್ದಿನ ಜೊತೆಗೇ ಪಕ್ಕದ ಚರ್ಚಿನ ಭಜನೆ ಗೋಡೆ ದಾಟಿ ಬರುತ್ತಿತ್ತು. ಅರೆನಿದ್ದೆಯಲ್ಲಿ ನಾನು ಯಾವ ಊರಿನಲ್ಲಿದ್ದೇನೆಂದೇ ತಿಳಿಯುತ್ತಿರಲಿಲ್ಲ. ಪೂರ್ತಿ ಎಚ್ಚರವಾದ ಮೇಲೆ ಒಂಟಿತನ ಕಾಡುತ್ತಿತ್ತು.

ಭಾಲ್ಕಿ, ಔರಾದಿನ ಹಾಡುಗಾರರು ಸೇರಿ ತರುವ ಪುಟ್ಟ ಸಂಗೀತ ಪತ್ರಿಕೆಗೆ ಮುಖಪುಟ ಮಾಡಿಕೊಡಿ ಎಂದು ಸುಗುಣಮ್ಮ ಕೇಳಿದಾಗ ಹಿಗ್ಗಿದೆ. ಅದು ತೀರಿಹೋದ ಅವರ ಗಂಡನ ನೆನಪಿನ ಸಂಚಿಕೆ. ಅವರು ಆ ಚರ್ಚಿನ ಭಜನೆಗೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುತ್ತಿರುವ ಒಂದೇ ಒಂದು ಫೋಟೊ ಇತ್ತು. ಅದರಲ್ಲಿ ಮುಖ ಎಡಕ್ಕೆ. ಪತ್ರಿಕೆ ತೆರೆಯುವುದು ಬಲದಿಂದ. ಮುಖವೂ ಅತ್ತ ನೋಡಿದರೆ ಓದುಗರ ಕಣ್ಣು ಒಳಪುಟಕ್ಕೆ ಜಾರುತ್ತದೆ. ಹಾಗಾಗಿ ಫೋಟೊವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದೆ. ಕೆಮ್ಮಣ್ಣಿನ ಬಣ್ಣದ ಹಿನ್ನೆಲೆ, ತೆಳುವಾದ ಬಿಳಿ ಅಕ್ಷರ, ಸುತ್ತ ಧಾರಾಳ ಖಾಲಿ ಜಾಗ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಸುಗುಣಮ್ಮ ಬಹಳ ಹೊತ್ತು ನೋಡಿದರು.

“ಇವ್ರು ನಮ್ಮವ್ರಲ್ರಿ.”

“ಯಾಕಮ್ಮ?”

“ನಮ್ಮವ್ರು ಬಲಗೈಲಿ ಬಾರಸ್ತಿದ್ರು, ಎಡಗೈಲಿ ಗಾಳಿ ಹಾಕ್ತಿದ್ರು. ಮೂವತ್ತು ವರ್ಷ ಆ ಬಲಗೈ ಮಗ್ಗಲಾಗ ಕುಂತು ಹಾಡೀನ್ರಿ.”

ತಿರುಗಿಸಿದ ಚಿತ್ರದಲ್ಲಿ ಎಡಗೈ ನುಡಿಸುತ್ತಿತ್ತು. ನನಗೆ ಬಹಳ ನಾಚಿಕೆಯಾಯಿತು. ಚೆಂದ ಮಾಡುವ ಹುರುಪಿನಲ್ಲಿ ಅವರ ಗಂಡನನ್ನೇ ಬೇರೆ ಯಾರನ್ನೋ ಮಾಡಿಬಿಟ್ಟಿದ್ದೆ. ಚಿತ್ರವನ್ನು ಮೊದಲಿನಂತೆ ತಿರುಗಿಸಿದೆ. ಆದರೂ ಕಲಿತ ವಿದ್ಯೆ ಸುಮ್ಮನಿರಲಿಲ್ಲ. ಹೀಗಾದರೆ ಅವರು ಪುಟದಿಂದ ಹೊರಗೆ ನೋಡಿದಂತಾಗುತ್ತದೆ ಎಂದೆ.

“ನೋಡ್ಲಿ ಬಿಡ್ರಿ. ಹಾಡು ನಡದಾಗೂ ಅವ್ರ ಕಣ್ಣು ಬಾಗಲ ಕಡೀಗೇ ಇರ್ತಿತ್ತು. ಯಾರರೆ ತಡಾ ಮಾಡಿ ಬಂದ್ರ, ಮತ್ತ ಮೊದಲಿಂದ ಬಾರಸ್ತಿದ್ರು.”

ಪತ್ರಿಕೆ ಹಾಗೆಯೇ ಅಚ್ಚಾಯಿತು. ಒಂದು ಪ್ರತಿ ಮೈಸೂರಿಗೆ ಕಳಿಸಿದೆ. “ಚೆನ್ನಾಗಿದೆ ಕಣೆ. ಆದ್ರೆ ಇವರು ಆ ಕಡೆ ಯಾಕೆ ನೋಡ್ತಿದ್ದಾರೆ?” ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಹೇಳಿದರೂ ಅವಳಿಗೆ ಅರ್ಥವಾದಂತೆ ಕಾಣಲಿಲ್ಲ.

ಪತ್ರಿಕೆ ಹಂಚುವ ದಿನ ನಾನು ಚರ್ಚಿಗೆ ಹೋಗುವಷ್ಟರಲ್ಲಿ ಭಜನೆ ಶುರುವಾಗಿತ್ತು. ನಮ್ಮ ಕಡೆ ಸಂಗೀತ ಕಚೇರಿಗೆ ತಡವಾಗಿ ಬಂದವರು ಹಾಡು ಮುಗಿಯುವ ತನಕ ಬಾಗಿಲಲ್ಲೇ ನಿಲ್ಲುವುದು ಮರ್ಯಾದೆ. ಹಾಗೆಯೇ ನಿಂತೆ. ಮುಂದಿನ ಸಾಲಿನಿಂದ ಸುಗುಣಮ್ಮ ಬಾಗಿಲ ಕಡೆ ನೋಡಿ, ಕೈಯೆತ್ತಿ ಹಾಡು ನಿಲ್ಲಿಸಿದರು.

“ಒಳಗ ಬರ್ರಿ. ಮೊದಲಿಂದ ಹಾಡ್ತೇವಿ.”

ಪೇಟಿಗೆ ಮತ್ತೆ ಗಾಳಿ ತುಂಬಿತು. ನಾನು ಒಳಗೆ ಕಾಲಿಟ್ಟೆ. ಇನ್ನೊಂದು ಕಾಲು ಹೊಸ್ತಿಲಿನ ಆಚೆಗೇ ಇತ್ತು.