ಮೇಲಿನ ಹಲ್ಲು ಮೊದಲು ಬಂದಾಗ

ಹೋದ ವಾರ ಬಚ್ಚಲುಮನೆಯ ಗೂಡು ಒರೆಸುವಾಗ ಹಳೆಯ ಸೋಪಿನ ಡಬ್ಬಿಯ ಹಿಂದೆ ಒಂದು ಚಿಕ್ಕ ಬ್ರಷ್ ಸಿಕ್ಕಿತು. ಅದರ ಎಳೆಗಳೆಲ್ಲ ಚಪ್ಪಟೆಯಾಗಿ ಹೋಗಿದ್ದವು. ಹಿಡಿಕೆಗೆ ಮಾತ್ರ ಮಕ್ಕಳ ಸೈಕಲ್ಲಿನ ಹ್ಯಾಂಡಲ್‌ಗೆ ಹಾಕುವ ಕೆಂಪು ರಬ್ಬರ್ ಇನ್ನೂ ಗಟ್ಟಿಯಾಗಿ ಕೂತಿತ್ತು. ಪುಟ್ಟ ಕೈಗೆ ಹಿಡಿತ ಸಿಗಲೆಂದು ಹಾಗೆ ಸಿಕ್ಕಿಸಿಕೊಟ್ಟವರು ನಮ್ಮ ಎದುರು ಮನೆಯಾಕೆ. ಅದನ್ನು ಹಿಡಿದುಕೊಂಡು ಎಷ್ಟು ಹೊತ್ತು ಅಲ್ಲೇ ನಿಂತಿದ್ದೆನೋ...

ನಾನು ಎಸ್ಸೆಸ್ಸೆಲ್ಸಿ ಓದಿದವನು. ದಾವಣಗೆರೆ ಕಡೆಯಿಂದ ಬ್ಯಾಂಕಿನ ಗುಮಾಸ್ತನಾಗಿ ವರ್ಗವಾಗಿ ಮೊದಲು ವಿಜಯವಾಡಕ್ಕೆ, ಆಮೇಲೆ ವಿಶಾಖಪಟ್ಟಣಕ್ಕೆ ಬಂದೆ. ಹೆಂಡತಿ ತೀರಿಕೊಂಡ ಮೇಲೆ ಊರಿಗೆ ಮರಳುವ ಮನಸ್ಸಾಗಲಿಲ್ಲ. ಮಗಳನ್ನು ವಿಜಯವಾಡದಲ್ಲೇ ಇದ್ದ ಕನ್ನಡದವರ ಮನೆಗೆ ಕೊಟ್ಟಿದ್ದೆ. ಮಗನಿಗೆ ಅಚ್ಯುತಾಪುರಂನ ಕಾರ್ಖಾನೆಯಲ್ಲಿ ಕೆಲಸವಾಗಿತ್ತು. ಅವನೂ ನಾನೂ ಗಾಜುವಾಕದ ಬಾಡಿಗೆ ಮನೆಯಲ್ಲಿದ್ದೆವು.

ಎದುರು ಮನೆಯಾಕೆ ಒಂದು ದಂತ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಆಯಾ ಆಗಿದ್ದರು. ತೆಲುಗಿನವರು, ಗಂಡನಿಲ್ಲದವರು. ಅಣ್ಣನೆಂದು ನನ್ನನ್ನು ‘ಅನ್ನಯ್ಯಗಾರು’ ಎನ್ನುತ್ತಿದ್ದರು. ಅವರ ಮುಂದಿನ ಎರಡು ಹಲ್ಲೇ ಬಿದ್ದುಹೋಗಿದ್ದವು. “ಊರ ಮಕ್ಕಳ ಹಲ್ಲು ನೋಡುವ ಭರದಲ್ಲಿ ನನ್ನವು ಕೋಪಿಸಿಕೊಂಡು ಹೊರಟುಹೋದವು” ಎಂದು ತಾವೇ ಹೇಳಿ, ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು.

ಮಗಳಿಗೆ ಹೆಣ್ಣುಮಗು ಹುಟ್ಟಿತು. ಡೌನ್ ಸಿಂಡ್ರೋಮ್ ಎಂದರು ಡಾಕ್ಟರು. ಹೃದಯದಲ್ಲಿ ಒಂದು ಸಣ್ಣ ರಂಧ್ರವೂ ಇತ್ತು. ನೆಂಟರಲ್ಲಿ ಕೆಲವರು ಸಾವಿನ ಮನೆಗೆ ಬಂದವರಂತೆ ಬಂದು ಹೋದರು. ನಾನು ಹಾಗೆ ಮಾಡಲಿಲ್ಲ. ಮೊಮ್ಮಗಳನ್ನು ಎದೆಗವಚಿಕೊಂಡು ಬೀದಿಯ ತುಂಬ ತೋರಿಸಿ ಬಂದೆ. ನಾನು ಬೇರೆಯವರ ಹಾಗಲ್ಲ ಎಂಬ ಹೆಮ್ಮೆ ನನಗಿತ್ತು. ಅದು ಒಂದು ಹಲ್ಲಿಗೆ ಮುರಿದು ಬೀಳುತ್ತದೆಂದು ಗೊತ್ತಿರಲಿಲ್ಲ.

ವರ್ಷ ತುಂಬಿದರೂ ಮಗುವಿಗೆ ಹಲ್ಲು ಬರಲಿಲ್ಲ. ಮಗಳು ಕಂಗಾಲಾಗಿದ್ದಳು. “ಈ ಮಕ್ಕಳಿಗೆ ತಡವೇ ಅಮ್ಮಾ, ಎರಡು ವರ್ಷವಾದರೂ ಆದೀತು. ಅಲ್ಲಿಯವರೆಗೆ ಒದ್ದೆ ಬಟ್ಟೆಯಲ್ಲಿ ಒಸಡು ಒರೆಸು. ಮೊದಲನೆಯದು ಕಂಡ ಕೂಡಲೇ ಕರೆದುಕೊಂಡು ಬಾ” ಎಂದು ಎದುರು ಮನೆಯಾಕೆ ಫೋನಿನಲ್ಲೇ ಧೈರ್ಯ ಹೇಳಿದರು. ತಮ್ಮ ಆಸ್ಪತ್ರೆಯ ಡಾಕ್ಟರಿಗೂ ಮೊದಲೇ ಹೇಳಿಟ್ಟರು.

ಹದಿನಾರನೆಯ ತಿಂಗಳಲ್ಲಿ ಮಗಳ ಫೋನು ಬಂತು.

“ಅಪ್ಪಾ, ಹಲ್ಲು ಬಂತಪ್ಪಾ! ಚಮಚ ಟಕ್ ಅಂತು!”

“ಮೇಲೋ, ಕೆಳಗೋ?”

“ಮೇಲೆ.”

ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂದು ನಮ್ಮಲ್ಲಿಯೂ ಹೇಳುತ್ತಾರೆ, ತೆಲುಗರಲ್ಲಿಯೂ ಹೇಳುತ್ತಾರೆ. ಸೋದರಮಾವ ಎಂದರೆ ನನ್ನ ಒಬ್ಬನೇ ಮಗ. ದಿನಾ ಬೈಕಿನಲ್ಲಿ ಅಚ್ಯುತಾಪುರಂಗೆ ಹೋಗಿಬರುವವನು, ಮದುವೆ ಗೊತ್ತಾಗಿದ್ದವನು.

“ನಿನ್ನ ತಮ್ಮನ ಮದುವೆ ಮುಗಿಯೋ ತನಕ ಮಗೂನ ಈ ಕಡೆ ಕರ್ಕೊಂಡು ಬರಬೇಡಮ್ಮ” ಎಂದೆ.

“ಯಾಕಪ್ಪಾ? ಅವಳೇನು ಅವನನ್ನ ಕಚ್ತಾಳಾ?” ಎಂದು ಕೇಳಿ ಮಗಳು ಫೋನ್ ಇಟ್ಟಳು.

ಮಗುವಿನ ಮುಖವನ್ನು ಫೋನಿನಲ್ಲೂ ನೋಡುವುದಿಲ್ಲವೆಂದು ಮಗನಿಂದ ಆಣೆ ಹಾಕಿಸಿಕೊಂಡೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ವರ್ಷವಿಡೀ ಹಲ್ಲು ಬರಲಿ ಎಂದು ಕೈಮುಗಿದಿದ್ದ ಅದೇ ದೇವರ ಮುಂದೆ ನಿಂತು, ಆ ಹಲ್ಲು ಉದುರಿಹೋಗಲಿ ಎಂದು ಬೇಡಿಕೊಂಡೆ...

ಡಾಕ್ಟರು ನೋಡುತ್ತೇನೆಂದ ದಿನ ತಪ್ಪಿಹೋಯಿತು. ಪಾಪು ಯಾಕೆ ಬರಲಿಲ್ಲ ಎಂದು ಎದುರು ಮನೆಯಾಕೆ ಕೇಳಿದಾಗ ಜ್ವರ ಎಂದೆ. ಇನ್ನೊಂದು ದಿನ ಗೊತ್ತುಮಾಡಿಸಿದರು. ರೈಲಿನ ಟಿಕೆಟ್ ಸಿಗಲಿಲ್ಲ ಎಂದೆ. ಹೀಗೇ ನಾಲ್ಕು ತಿಂಗಳು ಕಳೆಯಿತು. ಅಷ್ಟರಲ್ಲಿ ವಿಜಯವಾಡದಲ್ಲಿ ಮಗುವಿನ ಒಸಡು ಊದಿತ್ತು, ಮಗು ಬ್ರಷ್ ಕಂಡರೆ ಚೀರುತ್ತಿತ್ತು, ಊಟ ಬಿಟ್ಟಿತ್ತು. ಮೂರನೆಯ ಸಲ ಆಕೆ ಬಾಗಿಲಿಗೆ ಅಡ್ಡ ನಿಂತು ಕೇಳಿದರು. ನಿಜ ಹೇಳಿಬಿಟ್ಟೆ.

ಆಕೆ ಮೊದಲು ನಕ್ಕರು. “ಏನು ಅನ್ನಯ್ಯಗಾರೂ! ನಮ್ಮಲ್ಲಿಗೆ ದಿನಾ ಇಂಥ ಮಕ್ಕಳು ಬರುತ್ತಾರೆ. ಒಂದಕ್ಕೆ ಮೇಲಿನದು ಮೊದಲು, ಒಂದಕ್ಕೆ ದವಡೆಯದು ಮೊದಲು, ಕೆಲವು ಹಲ್ಲು ಹುಟ್ಟುವುದೇ ಇಲ್ಲ. ಅವರ ಸೋದರಮಾವಂದಿರೆಲ್ಲ ಹೋಗಿಬಿಟ್ಟಿದ್ದರೆ ಗಾಜುವಾಕದಲ್ಲಿ ಆಟೋ ಓಡಿಸಲು ಗಂಡಸರು ಉಳಿಯುತ್ತಿದ್ದರಾ?”

ಆಮೇಲೆ ಅವರ ಮುಖ ಬಿಗಿಯಾಯಿತು. “ಆ ಮಗುವಿನ ಎದೆಯಲ್ಲಿ ತೂತಿದೆ. ಒಸಡು ಕೆಟ್ಟರೆ ಆ ನಂಜು ಹೃದಯಕ್ಕೆ ಹೋಗಬಹುದು. ಗಂಡಾಂತರ ಯಾರಿಗೆ, ನಿಮ್ಮ ಮಗನಿಗಾ, ಅವಳಿಗಾ?”

ಆಕೆ ಉತ್ತರಕ್ಕೆ ಕಾಯಲಿಲ್ಲ. ನನ್ನೆದುರಿಗೇ ಮಗಳಿಗೆ ಫೋನ್ ಮಾಡಿ, ಮೊದಲು ಹೃದಯದ ಡಾಕ್ಟರನ್ನು ಕೇಳಿಕೊಂಡು ಭಾನುವಾರ ಹೊರಟು ಬಾ ಎಂದರು. ಆ ದಿನ ದುವ್ವಾಡ ಸ್ಟೇಷನ್ನಿನಿಂದ ಅವರನ್ನು ಕರೆತರಲು ನನ್ನ ಮಗನನ್ನೇ ಅಟ್ಟಿದರು. ಅವನಿಗೂ ಅಷ್ಟೇ ಬೇಕಾಗಿತ್ತೇನೋ, ಆಣೆ ಮರೆತು ಓಡಿದ.

ಆ ಭಾನುವಾರ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಆಕೆ ಎರಡು ಕುರ್ಚಿ ಎದುರುಬದುರು ಹಾಕಿಸಿದರು. ಒಂದರಲ್ಲಿ ತಾವು ಕೂತು ಇನ್ನೊಂದರಲ್ಲಿ ನನ್ನ ಮಗನನ್ನು ಕೂರಿಸಿದರು, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ. ಆಸ್ಪತ್ರೆಯಲ್ಲಿ ಎಳೆಯ ಮಕ್ಕಳ ಬಾಯಿ ನೋಡುವ ರೀತಿ ಅದು. ಮಗುವಿನ ತಲೆ ಆಕೆಯ ಮಡಿಲಲ್ಲಿ, ಕಾಲು ಸೋದರಮಾವನ ಸೊಂಟದ ಎರಡೂ ಬದಿಗೆ.

“ಮೇನಮಾಮ, ಕೈ ಮೆಲ್ಲಗೆ ಹಿಡಿ. ಒತ್ತಬೇಡ. ಕಥೆ ಹೇಳು.”

“ಏನು ಕಥೆ ಹೇಳಲಮ್ಮಾ?”

“ನಿನ್ನ ಮದುವೆ ಕಥೆ ಹೇಳು!”

ಅವನು ತೊದಲುತ್ತ ಹೇಳಲು ಶುರುಮಾಡಿದ. ಮಗು ಅವನ ಮುಖವನ್ನೇ ನೋಡುತ್ತ ಬಾಯಿ ತೆರೆಯಿತು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡೆ. ಮಗ ಬಗ್ಗಿ ನೋಡಿ ಕೂಗಿದ, “ಅಪ್ಪಾ, ಅಕ್ಕಿ ಕಾಳಿನಷ್ಟಿವೆ ಎರಡು! ಇದಕ್ಕಾ ನೀನು ಹೆದರಿದ್ದು?”

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಿಗೆ ತೋರಿಸಿದ್ದಾಯಿತು. ಅಂದಿನಿಂದ ಆಕೆ ನನ್ನನ್ನೂ ಬಿಡಲಿಲ್ಲ. “ತಪ್ಪು ಮಾಡಿದವರೇ ಉಜ್ಜಬೇಕು” ಎಂದು ಬ್ರಷ್ ಕೈಗೆ ಕೊಟ್ಟರು. ಮೊದಲು ಬೊಂಬೆಗೆ ಉಜ್ಜಿ ತೋರಿಸಬೇಕು, ಆಮೇಲೆ ನನ್ನ ಹಲ್ಲಿಗೆ, ಕೊನೆಗೆ ಅವಳಿಗೆ. ಮಗಳು ತಿಂಗಳಿಗೊಮ್ಮೆ ಬಂದಾಗಲೆಲ್ಲ ಇದೇ ಪಾಠ. ಒಸಡು ಗುಲಾಬಿ ಬಣ್ಣಕ್ಕೆ ಬಂದ ದಿನ ಆಕೆ ಮಗುವನ್ನೆತ್ತಿಕೊಂಡು ನಮ್ಮ ಮಹಡಿಯ ಎಲ್ಲ ಮನೆಯವರಿಗೂ ಬಾಯಿ ತೋರಿಸಿ ಬಂದರು, ಚಿನ್ನದ ಒಡವೆ ತೋರಿಸುವ ಹಾಗೆ. ಮಗನ ಮದುವೆ ಸುಸೂತ್ರವಾಗಿ ನಡೆಯಿತು. ಅವನೀಗ ಎರಡು ಮಕ್ಕಳ ತಂದೆ.

ಆಕೆ ಕೆಲಸ ಬಿಟ್ಟು ಶ್ರೀಕಾಕುಳಂ ಕಡೆ ತಮ್ಮ ಅಕ್ಕನ ಮನೆಗೆ ಹೋದರು. ಒಮ್ಮೆ ಹೋಗಿ, ದೇವರ ಮುಂದೆ ನಾನು ಬೇಡಿದ್ದನ್ನು ಹೇಳಿ ತಪ್ಪೊಪ್ಪಿಕೊಳ್ಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂತು...

ಮೊಮ್ಮಗಳಿಗೆ ಈಗ ಹತ್ತು ವರ್ಷ. ಮಾತು ನಿಧಾನ, ಅದೂ ಅರ್ಧಕ್ಕಿಂತ ಹೆಚ್ಚು ತೆಲುಗು. ಆದರೆ ಹಲ್ಲು ತಾನೇ ಉಜ್ಜುತ್ತಾಳೆ. ಮೊನ್ನೆ ಅದೇ ಆಸ್ಪತ್ರೆಗೆ ಕರೆದೊಯ್ದಿದ್ದೆ. ಒಳಗೆ ಒಂದು ಮಗು ಕಿರುಚಾಡುತ್ತಿತ್ತು. ಇವಳು ಯಾರೂ ಹೇಳದೆ ಹೋಗಿ ಕುರ್ಚಿ ಹತ್ತಿ, ಒರಗಿ, ಅಗಲವಾಗಿ ಬಾಯಿ ತೆರೆದಳು. ಡಾಕ್ಟರು ಆ ಮಗುವಿನ ತಾಯಿಯನ್ನು ಕರೆದು ಇವಳನ್ನು ತೋರಿಸಿದರು. ನನ್ನ ಎದೆ ಉಬ್ಬಿತು.

ಹೊಸದಾಗಿ ಬಂದಿದ್ದ ಆಯಾ ಕೇಳಿದಳು, “ಇಷ್ಟು ಚೆನ್ನಾಗಿ ನಿನಗೆ ಯಾರು ಕಲಿಸಿದರು, ಬಂಗಾರು?”

ಮೊಮ್ಮಗಳು ಬೆರಳು ಚಾಚಿ ನನ್ನನ್ನು ತೋರಿಸಿದಳು.

“ನಾನಲ್ಲಮ್ಮ” ಎಂದೆ. “ನೀನೀಗ ನಿಂತಿದ್ದೀಯಲ್ಲ, ಅಲ್ಲೇ ಒಬ್ಬರು ನಿಂತಿರುತ್ತಿದ್ದರು.”