ಕೊನೆ ಸುತ್ತು ಕೂಗಿದ ಪಲ್ಲವಿ

ನಿಂಬರ್ಗಾದ ಪಲ್ಲವಿ ಓಡಲು ಕಲಿತದ್ದು ತೊಗರಿ ಹೊಲಗಳ ನಡುವಿನ ಬಂಡಿದಾರಿಯಲ್ಲಿ. ಅವ್ವ ರಮಾಬಾಯಿ ಕೂಲಿಗೆ ಹೋದ ಹೊಲಕ್ಕೆ ಬುತ್ತಿ ಒಯ್ಯುವುದು ಮಗಳ ಕೆಲಸ. ಅವಳು ನಡೆದು ಹೋದದ್ದನ್ನು ಕಂಡವರಿಲ್ಲ. “ದಾರಿ ಬಿಡ್ರಿಲೇ, ರಮಾಬಾಯಿ ಮಗಳ ಹೊಂಟಾಳ, ಪಲ್ಯ ಚೆಲ್ತದ!” ಎಂದು ಬಂಡಿಯವರು ನಗುತ್ತಿದ್ದರು. ಆ ಹುಡುಗಿ ಆಳಂದದಲ್ಲಿ ಗೆದ್ದಳು, ಕಲಬುರಗಿಯಲ್ಲಿ ಗೆದ್ದಳು, ಕಡೆಗೆ ಇಡೀ ರಾಜ್ಯಕ್ಕೇ ಮೊದಲಿಗಳಾದಳು. ಮೊಣಕಾಲು ಕೈಕೊಟ್ಟಾಗ ಓಟ ನಿಂತಿತು, ಮಾತು ನಿಲ್ಲಲಿಲ್ಲ. ವಾರಕ್ಕೊಮ್ಮೆ ರೇಡಿಯೋದಲ್ಲಿ ಆಟೋಟದ ಕಾರ್ಯಕ್ರಮ, ಕ್ರೀಡಾಕೂಟಗಳಲ್ಲಿ ಕಾಮೆಂಟರಿ. ಅವಳ ದನಿ ಕೇಳಲೆಂದೇ ಬಿಸಿಲಲ್ಲಿ ಜನ ಕೂಡುತ್ತಿದ್ದರು.

ಅಂಥ ದನಿಯೇ ಅಫಜಲಪುರದ ಮೈದಾನದಲ್ಲಿ ಕೇಡು ಮಾಡಿತು.

ಹುಡುಗಿಯರ ಮೂರು ಸಾವಿರ ಮೀಟರ್ ಓಟ. ಗೆದ್ದವಳು ರಾಜ್ಯಮಟ್ಟಕ್ಕೆ ಹೋಗುತ್ತಾಳೆ. ಹಿರೋಳ್ಳಿಯ ನಾಗರತ್ನಾ ಎಲ್ಲರಿಗಿಂತ ಮುಂದಿದ್ದಳು. ಅಷ್ಟರಲ್ಲಿ ವೇದಿಕೆಗೆ ಗಣ್ಯರು ಬಂದರು. ನಮ್ಮ ಕಡೆ ಓಟ ನಡೆದಿರಲಿ, ಗಾಳಿ ಎದ್ದಿರಲಿ, ಬಂದವರ ಹೆಸರು ಮೈಕಿನಲ್ಲಿ ಹೇಳಬೇಕು, ಶಾಲು ಹೊದಿಸಬೇಕು. ಪಲ್ಲವಿ ಹೆಸರು ಹೇಳಿದಳು. ಅವಳ ಕೊರಳಿಗೂ ಒಂದು ಹಾರ ಬಿತ್ತು. ತಿರುಗಿ ನೋಡಿದಾಗ ನಾಗರತ್ನಾ ಹೆಜ್ಜೆ ಚುರುಕು ಮಾಡಿದ್ದಳು. ಎಷ್ಟು ಸುತ್ತಾಯಿತೆಂದು ಪಲ್ಲವಿ ಯಾರನ್ನೂ ಕೇಳಲಿಲ್ಲ. ತಾನೂ ಹಾಗೆ ಬಿರುಸಾಗುತ್ತಿದ್ದುದು ಕೊನೆಗೇ ಅಲ್ಲವೇ?

“ಕೊನೆ ಸುತ್ತು! ಬಾ ನಾಗರತ್ನಾ, ಬಾ!”

ಜನ ಎದ್ದು ನಿಂತರು. ಹುಡುಗಿ ಇದ್ದಬದ್ದ ಉಸಿರನ್ನೆಲ್ಲ ಸುರಿದು ಗೆರೆ ದಾಟಿ ಕುಸಿದಳು. ನಿಜವಾದ ಕೊನೆ ಸುತ್ತಿನ ಗಂಟೆ ಬಾರಿಸಿದ್ದೇ ಆಗ. ಹಿಂದಿದ್ದವರು ಅವಳನ್ನು ಬಳಸಿಕೊಂಡು ಓಡಿಹೋದರು.

ಅವಳ ಮಾಸ್ತರ ಸಿದ್ದರಾಮೇಶ ಓಡಿ ಬಂದ. “ಎಣಿಸಾಕೂ ಬರಂಗಿಲ್ಲೇನ್ ಬೇ?”

“ಮೈಕಿನಾಗ ಹೇಳಿದ್ರು ಸರ್...”

“ಮೈಕಿನ ಮ್ಯಾಲ ಹಾಕಬ್ಯಾಡ. ಆಕಿ ಚಾಂಪಿಯನ್ ಇದ್ದಾಳ, ಆಕಿ ತಪ್ಪತಾಳೇನು?”

ಈ ಮಾತು ಪಲ್ಲವಿಯ ಕಿವಿಗೆ ಬಿತ್ತು. ಫಲಿತಾಂಶ ಸಾರಿದ ಅರ್ಧ ಗಂಟೆಯೊಳಗೆ ತಕರಾರು ಕೊಟ್ಟರೆ ಓಟವನ್ನು ಮತ್ತೆ ನಡೆಸಬಹುದಿತ್ತು. ‘ತಪ್ಪು ನನ್ನದು’ ಎಂದು ಅವಳೊಬ್ಬಳು ಅಂದಿದ್ದರೆ ಸಾಕಿತ್ತು, ಕೈಯಲ್ಲಿ ಮೈಕೂ ಇತ್ತು. ಅದೇ ಮೈಕಿನಲ್ಲಿ ಗೆದ್ದವಳನ್ನು ಬಾಯಿತುಂಬ ಹೊಗಳುತ್ತ ಆ ಅರ್ಧ ಗಂಟೆ ಕಳೆದಳು.

ಆಮೇಲೆ ರೇಡಿಯೋದಲ್ಲಿ ಓಟದ ಸುದ್ದಿ ಬಂದರೆ ಅದನ್ನು ಬಿಟ್ಟು ಕಬಡ್ಡಿಯ ಸುದ್ದಿ ಓದುತ್ತಿದ್ದಳು. ಬಿಚ್ಚಿದ ಬುತ್ತಿಯನ್ನು ಹಾಗೇ ಕಟ್ಟಿಡುತ್ತಿದ್ದಳು. ಕಡೆಗೊಂದು ದಿನ ಹಿರೋಳ್ಳಿಯ ಬಸ್ ಹತ್ತಿದಳು.

ನಾಗರತ್ನಾಳ ತಾಯಿ ನಿಂಬೆವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಬಿಟ್ಟು ಎದ್ದಳು. “ಬರ್ರಿ ಬರ್ರಿ! ರೇಡಿಯೋದಾಕಿ ನಮ್ಮ ಮನಿಗಿ ಬಂದಾಳ! ನೀವು ಹೆಸರು ಹಿಡದು ಕೂಗಿದ್ರೂ ನಮ್ಮಾಕಿ ತಪ್ಪು ಮಾಡಿ ನಿಮ್ಮ ಮಾನ ಕಳದ್ಳು ನೋಡ್ರಿ. ಓಡೂದು ಸಾಕು ಅಂದಾನ ಅವರಪ್ಪ.”

ಬೈದಿದ್ದರೆ ಹಗುರಾಗುತ್ತಿತ್ತೇನೋ. ಕೊಟ್ಟ ಚಹಾ ಮುಟ್ಟದೆ ಪಲ್ಲವಿ ಎಲ್ಲವನ್ನೂ ಹೇಳಿದಳು. ನಿಂಬೆವ್ವ ಬಾಯಿಗೆ ಸೆರಗು ಹಿಡಿದಳು. ನಾಗರತ್ನಾ ಬಾಗಿಲಿಗೆ ಆತು ನಿಂತಿದ್ದಳು.

“ಅವತ್ತ ಯಾಕ ಹೇಳಲಿಲ್ಲ ಅಕ್ಕಾ?”

“ಅಂಜಿದೆ.”

“ನಾ ನಿಮ್ಮ ದನಿ ನಂಬಿ ಓಡಿದೆ. ಊರಾಗ ನನಗ ‘ಎಣಿಕಿ ಬರಲಾರದಾಕಿ’ ಅಂತಾರ. ಇಲ್ಲಿ ಹೇಳಿದ್ರ ನಮ್ಮವ್ವ ಒಬ್ಬಾಕಿ ಕೇಳ್ತಾಳ. ರೇಡಿಯೋದಾಗ ಹೇಳ್ರಿ.”

ಹೇಳಿದಳು. ರೇಡಿಯೋದವರು ಬೇಡವೆಂದರೂ ಕೇಳದೆ, ಹುಡುಗಿಯ ಊರು, ಹೆಸರು ಹಿಡಿದು, ತಪ್ಪು ತನ್ನದೆಂದು ಹೇಳಿದಳು. ಕೆಲವರು ಮೆಚ್ಚಿ ಫೋನ್ ಮಾಡಿದರು. ಆ ಮೆಚ್ಚುಗೆಯೂ ಮೈಗೆ ಮುಳ್ಳಾಯಿತು. ರಾಜ್ಯಮಟ್ಟದ ಕೂಟ ಆಗಲೇ ಮುಗಿದುಹೋಗಿತ್ತು. ನಾಗರತ್ನಾಳ ಅಪ್ಪ ಮಾತ್ರ ಮಗಳನ್ನು ಮತ್ತೆ ಮೈದಾನಕ್ಕೆ ಬಿಟ್ಟ.

ಮುಂದಿನ ವರ್ಷ ಜೇವರ್ಗಿಯಲ್ಲಿ ಕೂಟ. ಓಟಕ್ಕೆ ಮೊದಲು ನಾಗರತ್ನಾ ತಾನಾಗಿಯೇ ಮೈಕಿನ ಮೇಜಿಗೆ ಬಂದಳು. ಪಲ್ಲವಿಗೆ ಜೀವ ಬಂದಂತಾಯಿತು.

“ಅಕ್ಕಾ, ಒಂದು ಮಾತು. ನನ್ನ ಓಟದಾಗ ನೀವು ಮಾತಾಡಬ್ಯಾಡ್ರಿ.”

“ಆತವ್ವಾ,” ಎಂದಳು ಪಲ್ಲವಿ.

ಓಟ ಶುರುವಾಯಿತು. “ಯಾಕ್ರಿ ಮೇಡಮ್, ಕರೆಂಟ್ ಹೋಯ್ತೇನು?” ಎಂದು ಜನ ಕೂಗಿದರು. ಪಲ್ಲವಿ ಮೈಕು ಆರಿಸಿ, ಎರಡೂ ಕೈ ಮೇಜಿನ ಮೇಲಿಟ್ಟು, ಆ ಹುಡುಗಿ ಓಡುವುದನ್ನು ನೋಡುತ್ತ ಕೂತಿದ್ದಳು.