ಇತ್ತಲಾರಿನಾಚೆ, ತುಪ್ಪ ಕಾಸಿ ಕಾದಿದ್ದ ಮನೆ

ನಂಬುವವರು ನಂಬಿ, ನಂಬದವರು ಬಿಡಿ. ಕಥೆ ಕಟ್ಟುವುದು ನನಗೆ ಬರುವುದಿಲ್ಲ, ನಾನು ಬಟ್ಟೆ ಹೊಲಿಯುವವನು. ಇದು ನನಗೇ ಆದದ್ದು. ಸುಳ್ಳಾಗಿದ್ದರೆ ನನಗಿಂತ ಹೆಚ್ಚು ಸಂತೋಷಪಡುವವರು ಯಾರೂ ಇರುತ್ತಿರಲಿಲ್ಲ.

ನಂಜನಗೂಡಿನ ಕಡೆಯಿಂದ ಉದಕಮಂಡಲಕ್ಕೆ ಬಂದು, ಬಜಾರಿನ ಒಂದು ಅಂಗಡಿಯಲ್ಲಿ ಸಾಹೇಬರ ಕೋಟು ಹೊಲಿಯುತ್ತಿದ್ದೆ. ಕೋಟಿನ ಜೊತೆಗೆ ಅವರ ಒಂದು ಹುಚ್ಚೂ ನನಗೆ ಅಂಟಿಕೊಂಡಿತ್ತು. ಭಾನುವಾರ ಬಂತೆಂದರೆ ಮೋಟಾರು ಬಸ್ಸು ಹತ್ತುವುದು, ಎಲ್ಲಾದರೂ ಇಳಿಯುವುದು, ಬೆಟ್ಟ ಸುತ್ತಿ ಸಂಜೆಯ ಬಸ್ಸಿಗೆ ವಾಪಸು ಬರುವುದು. ಒಂದು ವಾರ ನಡುವಟ್ಟಂ, ಇನ್ನೊಂದು ವಾರ ಕುಂದಾ ಕಡೆ. ಬಸ್ಸು ಆಗಿನ್ನೂ ಹೊಸತು. ಅದರ ಪೆಟ್ರೋಲ್ ವಾಸನೆಗೇ ಅರ್ಧ ಜನ ವಾಂತಿ ಮಾಡುತ್ತಿದ್ದರು, ನನಗೋ ಅದು ಹಬ್ಬದೂಟದ ಘಮ!

ಅಂಗಡಿಯ ಎದುರು ಆಲೂಗಡ್ಡೆ ಮಾರುತ್ತಿದ್ದ ಭೋಜ ನನ್ನ ಗೆಳೆಯ. ಬೆಟ್ಟದ ಬಡಗ ಜನದವನು. ಇತ್ತಲಾರಿನಾಚೆ ಅವರ ಹಟ್ಟಿ, ಅಂದರೆ ಸಾಲುಮನೆಗಳ ಸಣ್ಣ ಊರು.

"ಟೈಲರಣ್ಣ, ಕಾಸು ಕೊಟ್ಟು ಕಾಲುನೋವು ವಾಂಗುವವ ಈ ಬೆಟ್ಟದಲ್ಲಿ ನೀನೊಬ್ಬನೇ," ಎಂದು ಗೇಲಿ ಮಾಡುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಗೇಲಿ ಇರಲಿಲ್ಲ. ಬಸ್ಸಿನ ಹತ್ತಿರ ಓಡಿ ಬಂದವನ ಕಣ್ಣು ಕೆಂಪಾಗಿತ್ತು.

"ಅಣ್ಣ, ಅವ್ವೆಗೆ ಕೊನೆಗಾಲ. ಹಣ ಈಗ ಸಿಕ್ಕಿತು. ತಂಗಿಯ ಕರಕೊಂಡು ಬರೋಕೆ ನಾ ಕೋತಗಿರಿಗೆ ಓಡಬೇಕು. ನೀ ಹೇಗೂ ನಂಗ ಹಟ್ಟಿ ಕಡೆ ಹೋಪೆ ಅಲ್ಲ? ಇದ ನನ್ನ ತಮ್ಮ ಹಾಲನ ಕೈಲಿ ಕೊಡು."

ಅವನು ಕೊಟ್ಟಿದ್ದು ಬಟ್ಟೆಯಲ್ಲಿ ಸುತ್ತಿದ ಹಳೆಯ ಚಿನ್ನದ ಹಣ. ಬೇಳೆಯಷ್ಟು ಸಣ್ಣ ನಾಣ್ಯ. ಬಡಗರಲ್ಲಿ ಸಾಯುವವರಿಗೆ ಇದನ್ನು ಬೆಚ್ಚನೆಯ ತುಪ್ಪದಲ್ಲಿ ಅದ್ದಿ ನುಂಗಿಸುತ್ತಾರೆ. ಉಸಿರಿರುವಾಗಲೇ ನುಂಗಬೇಕು, ಆಚೆಯ ಲೋಕದ ದಾರಿಗೆ ಅದೇ ಬುತ್ತಿ.

"ನೇರ ದಾರಿ ಹಿಡಿ ಅಣ್ಣ," ಎಂದ. ಹಿಡಿಯುತ್ತೇನೆ ಎಂದೆ.

ಬಸ್ಸು ಇಳಿದಲ್ಲಿ ಎರಡು ದಾರಿ. ಆಲೂಗಡ್ಡೆ ಹೊಲಗಳ ಮಧ್ಯೆ ಹೋಗುವುದು ನೇರ ದಾರಿ. ಇನ್ನೊಂದು ಸೋಲೆ ಕಾಡಿನೊಳಗೆ ನುಗ್ಗಿ, ಹುಲ್ಲಿನ ಬೆಟ್ಟದ ನೆತ್ತಿ ದಾಟಿ, ಹಿಂದಿನಿಂದ ಹಟ್ಟಿಗೆ ಇಳಿಯುವುದು. ಆ ನೆತ್ತಿಯಿಂದ ಕುಂದಾ ಬೆಟ್ಟಗಳೆಲ್ಲ ಒಟ್ಟಿಗೆ ಕಾಣುತ್ತವೆ ಎಂದು ಒಬ್ಬ ಸಾಹೇಬ ಹೇಳಿದ್ದ. ವಾರವಿಡೀ ಅದೇ ನನ್ನ ತಲೆಯಲ್ಲಿತ್ತು.

ಮುದುಕರ ಜೀವ ಗಟ್ಟಿ, ಅಷ್ಟು ಬೇಗ ಏನಾಗುತ್ತದೆ ಎಂದುಕೊಂಡೆ. ಥೂ, ನನ್ನ ಬುದ್ಧಿಗಿಷ್ಟು... ಬೆಟ್ಟದ ದಾರಿ ಹಿಡಿದೆ.

ನೆತ್ತಿ ಚೆನ್ನಾಗಿಯೇ ಇತ್ತು. ಬಂಡೆಯ ಮೇಲೆ ಕುಳಿತು ಬುತ್ತಿ ಬಿಚ್ಚಿದೆ. ಬಿಸಿಲು ಹಿತವಾಗಿತ್ತು. ಕೋಟು ಬಿಚ್ಚಿ ತಲೆಗಿಟ್ಟು ಒಂದು ಗಳಿಗೆ ಒರಗಿದೆ.

ಎಚ್ಚರವಾದಾಗ ಬೆಟ್ಟವೇ ಇರಲಿಲ್ಲ. ಸುತ್ತ ಬರೀ ಮಂಜು. ಬೆಳಕು ಮುಗಿಯುತ್ತ ಬಂದಿತ್ತು. ಕೆಳಗೆಲ್ಲೋ ಎಮ್ಮೆಗಳ ಗಂಟೆ, ಮನೆಗೆ ಹೊರಟಂತಿತ್ತು. ಕೋಟಿನ ಜೇಬು ಮುಟ್ಟಿಕೊಂಡೆ. ಹಣ ಇತ್ತು, ಹೊತ್ತು ಇರಲಿಲ್ಲ.

ದಾರಿ ಎಂದುಕೊಂಡು ಇಳಿದದ್ದು ದಾರಿಯಲ್ಲ. ಎರಡು ಸಲ ಅದೇ ಬಂಡೆಗೆ ಬಂದು ನಿಂತೆ. ಕತ್ತಲಾಯಿತು. ಸೋಲೆಯ ಒಳಗಿಂದ ಕೊಳೆತೆಲೆಯ ತಣ್ಣನೆ ವಾಸನೆ... ಅದರ ಜೊತೆಗೆ ಇನ್ನೊಂದು ವಾಸನೆ. ಕಾಸಿದ ತುಪ್ಪದ್ದು.

ಆ ಕಾಡಿನಲ್ಲಿ ತುಪ್ಪ ಕಾಸುವವರು ಯಾರು?

ಯಾರೋ ಕೆಮ್ಮಿದರು. ತಿರುಗಿದೆ. ಒಬ್ಬಳು ಮುದುಕಿ. ಬಿಳಿಯ ಮುಂಡು, ತಲೆಗೆ ಬಿಳಿಯ ಬಟ್ಟೆ, ಹಣೆಯ ಮೇಲೆ ಹಳೆಯ ಹಚ್ಚೆಯ ಚುಕ್ಕೆಗಳು. ಕೈಯಲ್ಲಿ ಕೋಲಿಲ್ಲ, ದೀಪವಿಲ್ಲ. ಆದರೂ ಮುಖ ಕಾಣುತ್ತಿತ್ತು. ಹೇಗೆ ಕಂಡಿತು ಎಂದು ಕೇಳಬೇಡಿ.

ಅವಳು ಅಂಗೈ ಚಾಚಿದಳು. "ತಂದೆಯ?" ಎಂದಳು. ತಂದಿದ್ದೀಯಾ ಎಂದು ಕೇಳುತ್ತಿದ್ದಾಳೆ.

ನನಗೆ ಮೊದಲು ಹೊಳೆದದ್ದು ಜೇಬಿನ ಚಿನ್ನ. ಇದು ಇವಳಿಗೆ ಹೇಗೆ ಗೊತ್ತು? ಹಿಂದೆ ಕಳ್ಳರಿದ್ದಾರೋ ಏನೋ. ಭೋಜನ ತಾಯಿಯನ್ನು ನಾನು ಅದುವರೆಗೆ ಕಂಡವನಲ್ಲ. ಕಂಡಿದ್ದರೂ, ಹಾಸಿಗೆ ಹಿಡಿದವಳು ಬೆಟ್ಟ ಹತ್ತಿ ಬರುತ್ತಾಳೆಂದು ಯಾರಾದರೂ ಅಂದುಕೊಳ್ಳುತ್ತಾರೆಯೇ?

ಜೇಬನ್ನು ಒತ್ತಿ ಹಿಡಿದು, ಅವರ ಮಾತಿನಲ್ಲೇ ಇಲ್ಲ ಎಂದೆ. "ಇಲ್ಲೆ. ಎನ್ನ ಕೈಲಿ ಏನೂ ಇಲ್ಲೆ."

ಅವಳು ಬೈಯಲಿಲ್ಲ. ಬಾಯಿ ಸ್ವಲ್ಪ ತೆರೆದೇ ಇತ್ತು, ತುಟಿ ಒಣಗಿ ಬಿರಿದಿತ್ತು. ನನ್ನನ್ನೇ ನೋಡಿದಳು... ಆಮೇಲೆ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ಬಾ," ಎಂದು ಮುಂದೆ ನಡೆದಳು.

ಬೇರೆ ದಾರಿ ನನಗೂ ಇರಲಿಲ್ಲ. ಹಿಂದೆಯೇ ಹೋದೆ. ಮಂಜಿನಲ್ಲಿ ಅವಳು ಕಾಣುತ್ತಿರಲಿಲ್ಲ, ಕೆಮ್ಮು ಮಾತ್ರ ಕೇಳುತ್ತಿತ್ತು. ನಾನು ಓಡಿದರೂ ಅಷ್ಟೇ ದೂರ, ನಿಂತರೂ ಅಷ್ಟೇ ದೂರ. ನನ್ನ ಬೂಟಿನಡಿ ತರಗೆಲೆ ಚರಚರ ಎನ್ನುತ್ತಿತ್ತು, ಅವಳ ಕಡೆಯಿಂದ ಒಂದು ಎಲೆಯ ಸದ್ದೂ ಇಲ್ಲ.

ಸೋಲೆ ಮುಗಿದದ್ದೇ ಕೆಮ್ಮು ನಿಂತಿತು. ಕೆಳಗೆ ಹಟ್ಟಿಯ ದೀಪಗಳು. ಹೆಂಗಸರ ಅಳು.

ಅಳು ಕೇಳಿದ ಮನೆಯ ಬಾಗಿಲಲ್ಲೇ ಭೋಜನ ತಮ್ಮ ಹಾಲ ಎದುರಾದ. ಅಣ್ಣನದೇ ಮುಖ. ನಾನು ಯಾರೆಂದು ಹೇಳಿ ಹಣ ಕೊಟ್ಟೆ. ಅವನು ಅದನ್ನು ಬೆರಳ ತುದಿಯಲ್ಲಿ ಹಿಡಿದು ನೋಡಿದ.

"ಅವ್ವೆ ಹೋಯಿತು ಅಣ್ಣ. ಈಗ ತಾನೆ, ಎಮ್ಮೆ ಕಟ್ಟಿ ಕತ್ತಲಾದ ಮೇಲೆ."

ಒಲೆಯ ಪಕ್ಕ ಒಂದು ಬಟ್ಟಲಲ್ಲಿ ತುಪ್ಪವಿತ್ತು. ಬೆಳಿಗ್ಗೆಯಿಂದ ಅದು ಆರಿದಾಗಲೆಲ್ಲ ಮತ್ತೆ ಕಾಸಿದ್ದರಂತೆ. ಕಾಸಿ ಕಾಸಿ ಅದರ ಬಣ್ಣವೇ ಕಂದಿತ್ತು. ಬಸ್ಸು ಕೆಟ್ಟಿತ್ತು ಎನ್ನುವ ಸುಳ್ಳು ನಾಲಗೆಯ ತುದಿಗೆ ಬಂದಿತ್ತು, ನಿಜ ಹೇಳಿಬಿಡುತ್ತೇನೆ.

ಆಗ ಒಳಗೆ ಮಲಗಿಸಿದ್ದ ಮುಖ ಕಂಡಿತು. ಹಣೆಯ ಹಚ್ಚೆ... ಬಿರಿದ ತುಟಿ... ಗೋಡೆ ಹಿಡಿದುಕೊಂಡೆ.

ಹಾಲ ನನ್ನನ್ನು ಕೂರಿಸಿದ. ಪಿಸುಗುಟ್ಟುವ ದನಿಯಲ್ಲಿ ಹೇಳತೊಡಗಿದ.

"ಮಧ್ಯಾಹ್ನ ನಾ ಹಣ ಬಂತಾ ನೋಡೋಕೆ ಬಸ್ಸಿನ ತಾವು ಹೊರಟೆ. ಅವ್ವೆ ಬಿಡಲಿಲ್ಲ. 'ಹಣ ತರುವವ ಮೇಲೆ ಬಂಡೆ ಮೇಲೆ ಒರಗಿದ್ದಾನೆ. ಪಾಪ, ದಣಿದಿದ್ದಾನೆ, ಎಬ್ಬಿಸಬೇಡ' ಅಂತು. ಜ್ವರದ ಮಾತು ಅಂದುಕೊಂಡೆವು. ಸಂಜೆ ಕಣ್ಣು ಮುಚ್ಚಿ, 'ನಾನೇ ಹೋಗಿ ಕೇಳಿ ಬರುವೆ' ಅಂತು. ಬಾಯಿ ತೆರೆದೇ ಇತ್ತು, ಹಣಕ್ಕೆ ಕಾದ ಹಾಗೆ. ಆಮೇಲೆ ಒಮ್ಮೆ ಕಣ್ಣು ಬಿಟ್ಟಿತು."

"ಬಿಟ್ಟು?"

"'ಇಲ್ಲೆ ಅಂದ' ಅಂತು. ಅಷ್ಟೇ. ಬಾಯಿ ಮುಚ್ಚಿಕೊಂಡಿತು, ಉಸಿರು ಹೋಯಿತು." ಹಾಲ ನನ್ನ ಮುಖ ನೋಡಿದ. "ಯಾರು ಅಣ್ಣ, ನಂಗ ಅವ್ವೆಗೆ ಇಲ್ಲೆ ಅಂದದು?"

ನಾನು ತಲೆ ತಗ್ಗಿಸಿದೆ. ನುಂಗಿಸಲಾಗದ ಹಣವನ್ನು ಬಟ್ಟೆಯಲ್ಲಿ ಗಂಟು ಹಾಕಿ ಅವಳ ತೋಳಿಗೆ ಕಟ್ಟಿದರು. ಹೊತ್ತು ಮೀರಿದವರಿಗೆ ಹಾಗೆ ಮಾಡುವುದಂತೆ. ನನಗೆ ರಾಗಿ ಮುದ್ದೆ, ಸಾರು ಕೊಟ್ಟರು. ದೂರದಿಂದ ನಡೆದು ಬಂದವನು ಎಂದು ಅಳುತ್ತಲೇ ಬಡಿಸಿದರು.

ಬೆಳಗಾಗುವಾಗ ಭೋಜ ತಂಗಿಯನ್ನು ಕರೆದುಕೊಂಡು ಬಂದ. ಅಂಗಳದಲ್ಲೇ ನನ್ನ ಎರಡೂ ಕೈ ಹಿಡಿದ. "ನೀ ಹೋಗಿದ್ದೀಯ ಅನ್ನೋ ಧೈರ್ಯಕ್ಕೇ ಬಂದೆ ಅಣ್ಣ. ಅವ್ವೆ ನುಂಗಿತಾ?"

ಅಲ್ಲೇ, ಆ ಮಂಜಿನಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಬಂಡೆ, ನಿದ್ದೆ, ಚಾಚಿದ ಕೈ, ನಾನಾಡಿದ ಮಾತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು. ಅವನು ಒಂದೇ ಮಾತು ಕೇಳಿದ.

"ಇಲ್ಲೆ ಅಂದಮೇಲೂ ಅವ್ವೆ ನಿನಗೆ ದಾರಿ ತೋರಿಸಿತಾ?"

ಹೂಂ ಎಂದೆ. ಅವನು ನನ್ನ ಕೈ ಬಿಟ್ಟು ಒಳಗೆ ಹೋದ.